ಕಪ್ಪು ಒಂದರಿಂದ ಬಿಳಿ ಮೂರಕ್ಕೆ

೧೩ ಏಪ್ರಿಲ್ ೧೯೫೮, ಭಾನುವಾರ. ಶಿಕಾರಿಪುರ

ಬೆಳಿಗ್ಗೆಯಿಂದ ಸಂಡಿಗೆ ಕಾವಲು. ಕಾಗೆ ಓಡಿಸುವುದು ನನ್ನ ಕೆಲಸ. ಸ್ಕೂಲಿಗೆ ರಜೆ ಬಂದರೆ ಟೀಚರಮ್ಮನಿಗೆ ಸಿಗುವ ಬಡ್ತಿ ಇದು.

ಸಂಜೆ ಕೆರೆ ಏರಿಯ ಕೆಳಗಿನ ಬಯಲಿನಲ್ಲಿ 'ಬೇಸಿಗೆ ಸಂಜೆ'. ಬ್ಲಾಕ್ ಆಫೀಸಿನವರ ಹೊಸ ಉತ್ಸಾಹ. ಭಾನುವಾರ ಭಾನುವಾರ ಊರೆಲ್ಲ ಸೇರಬೇಕು, ಹಾಡು ಕೇಳಬೇಕು, ಹಾಗೆಯೇ ಗೊಬ್ಬರದ ಗುಂಡಿಯ ಭಾಷಣವನ್ನೂ ಕೇಳಬೇಕು. ಇವತ್ತು ಡೊಳ್ಳು. ಭಾಷಣದವರ ಪುಣ್ಯ, ಡೊಳ್ಳಿಗಿಂತ ಮುಂಚೆ ಮಾತಾಡಿ ಮುಗಿಸಿದರು.

ಕೊನೆಗೆ ಮಂಗಳದ ಹಾಡು. ವೇದಿಕೆಯವರು ಎತ್ತಿಕೊಡುತ್ತಾರೆ, ಬಯಲಿನವರೆಲ್ಲ ಎದ್ದು ನಿಂತು ಹೇಳಬೇಕು. ಎಲ್ಲರೂ ಹೇಳಿದರು. ನಾನು ತುಟಿ ಆಡಿಸಿದೆ. ಎರಡು ವರ್ಷದಿಂದ ಅಷ್ಟೇ.

೧೬ ಏಪ್ರಿಲ್

ಗುತ್ಯಪ್ಪ ಮಾಸ್ತರು ಬಂದಿದ್ದರು. ನನಗೆ ಪೇಟಿ, ಅಂದರೆ ಹಾರ್ಮೋನಿಯಂ, ಕಲಿಸಿದವರು. ಬಲಗೈ ಬೆರಳಿಗೆ ಉಗುರುಸುತ್ತು. ಅದಕ್ಕೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಕೈ ಮೇಲೆತ್ತಿಕೊಂಡೇ ಒಳಗೆ ಬಂದರು. ಯಾರಿಗೋ ಆಶೀರ್ವಾದ ಮಾಡುತ್ತಿದ್ದಾರೆ ಅನ್ನಬೇಕು.

"ಇಪ್ಪತ್ತೇಳಕ್ಕೆ ಸೊರಬದೋರ ಹಾಡು ಐತಿ. ಪೇಟಿ ನೀನೇ ಹಿಡೀಬೇಕವ್ವ ನೀಲಾ. ನನ್ ಕೈಲಿ ಆಗಲ್ಲ."

ಅವ್ವನ ಮುಖ ಸಣ್ಣಗಾಯಿತು. "ಅಷ್ಟು ಜನದ ಮುಂದೆ ಹೆಣ್ಣುಮಗಳು ಕೂತ್ಕೊಳ್ಳಾದಾ ಮಾಸ್ತರೇ?"

"ಮಹಿಳಾ ಸಮಾಜದ ಭಜನೇಲಿ ಕೂತ್ಕೊಳ್ಳಲ್ಲೇನು ಲೋಕಮ್ಮಾರೇ?"

ಅವ್ವ ಮೆಲ್ಲಗೆ— "ಹಾಡಾದೇನಿಲ್ಲ ತಾನೆ?"

ಮಾಸ್ತರು ಇಲ್ಲ ಅಂದರು. ಅವ್ವ ಉಸಿರು ಬಿಟ್ಟಳು. ನಾನು ಎದ್ದು ಹಿತ್ತಿಲಿಗೆ ಹೋದೆ. ಹೆತ್ತ ತಾಯಿಗೂ ನನ್ನ ಗಂಟಲಿನ ಹೆದರಿಕೆ!

೧೭ ಏಪ್ರಿಲ್

ಸೊಸೈಟಿ ಸೆಕ್ರೆಟರಿ ಆನಂದಪ್ಪನವರು ಹ್ಯಾಂಡ್‌ಬಿಲ್ಲು ಕೊಟ್ಟು ಹೋದರು. ಈ ಬೇಸಿಗೆ ಸಂಜೆಗಳ ಓಡಾಟವೆಲ್ಲ ಅವರದೇ. ಗುಲಾಬಿ ಕಾಗದ, ದಪ್ಪ ಅಕ್ಷರ. 'ಸೊರಬದ ಸುಪ್ರಸಿದ್ಧ ಗಾಯಕರಾದ ಶ್ರೀ ಉಚ್ಚಂಗಪ್ಪನವರಿಂದ ವಚನ ಗಾಯನ.'

ಅವನು. ಅವನೇ.

ಓದಿದವಳು ಹಾಗೇ ಕೂತೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಅವ್ವ ಬೈದದ್ದು ಕೇಳಿಸಲೇ ಇಲ್ಲ.

ಬರೆದು ಹಾಕಿಬಿಡುತ್ತೇನೆ, ಒಂದು ಸಲ. ಎರಡು ವರ್ಷದ ಹಿಂದೆ ಇವನು ಅವನ ತಾಯಿ ಬಂಗಾರಮ್ಮನವರ ಜೊತೆ ನನ್ನನ್ನು ನೋಡಲು ಬಂದ. ಉಪ್ಪಿಟ್ಟು, ಕೇಸರಿಬಾತು. ಆಮೇಲೆ ಎಲ್ಲ ಮನೆಯಲ್ಲೂ ಇದ್ದದ್ದೇ— ಹುಡುಗಿ ಒಂದು ಹಾಡು ಹೇಳಲಿ. ಹೇಳಿದೆ. ಬಾಯಿ ಒಣಗಿತ್ತು, ಎರಡನೇ ಸಾಲಿಗೆ ದನಿ ಜಾರಿತು. ಜಾರಿದ್ದು ನಿಜ. ಅದಕ್ಕಲ್ಲ ನನ್ನ ಸಿಟ್ಟು. ಒಳಗೆ ತಲೆ ಆಡಿಸಿ, ಚೆನ್ನಾಗಿತ್ತು ಅಂದವನು ಗೇಟಿನ ಹೊರಗೆ ನಿಂತು, "ಹುಡುಗಿ ಲಕ್ಷಣವಾಗಿದಾಳೆ. ಶ್ರುತಿ ನಿಲ್ಲಲ್ಲ" ಅಂದ. ಪಕ್ಕದ ಮನೆ ಬಸಕ್ಕ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಳು. ಬಸಕ್ಕನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಸಂತೆಪೇಟೆಯನ್ನೂ ಮುಟ್ಟಿತು.

ಅಲ್ಲಿಂದ ನಾನು ಶ್ರುತಿ ಇಲ್ಲದ ಹುಡುಗಿ. ಸ್ಕೂಲಿನಲ್ಲಿ ಪ್ರಾರ್ಥನೆ ಹೇಳಿಕೊಡುವುದನ್ನು ಬೇರೆ ಟೀಚರಿಗೆ ಕೊಟ್ಟರು. ಆಮೇಲೆ ಬಂದ ಎರಡು ಸಂಬಂಧವೂ ಅದೇ ಮಾತು ಕೇಳಿಕೊಂಡೇ ಬಂದು, ನಕ್ಕು ಹೋದವು. ಅಪ್ಪ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಈಗ ಅವನ ಶ್ರುತಿ ನನ್ನ ಕೈಗೆ ಬರುತ್ತಿದೆ. ಬರಲಿ.

೧೯ ಏಪ್ರಿಲ್

ಉಪಾಯ ಹೊಳೆಯಿತು. ಬಟ್ಟೆ ಒಗೆಯುವಾಗ. ನಗು ತಡೆಯಲಾಗದೆ ಅಪ್ಪನ ಅಂಗಿಯನ್ನು ಕಲ್ಲಿಗೆ ಇನ್ನೆರಡು ಏಟು ಜಾಸ್ತಿಯೇ ಬಡಿದೆ.

ಮಹಿಳಾ ಸಮಾಜದ ಹೊಸ ಪೇಟಿ ಸ್ಕೇಲ್ ಚೇಂಜಿನದು. ಬೆರಳಿಟ್ಟು ಒತ್ತುವ ಕಪ್ಪು ಬಿಳಿ ಮನೆಗಳ ಸಾಲನ್ನು ಪೂರ್ತಿ ಎತ್ತಿ ಪಕ್ಕಕ್ಕೆ ಸರಿಸಬಹುದು. ಬೆರಳು ಅದೇ ಮನೆಯ ಮೇಲೆ ಇರುತ್ತದೆ, ದನಿ ಮಾತ್ರ ಮೇಲಕ್ಕೆ ಹೋಗಿರುತ್ತದೆ. ನೋಡುವವರಿಗೆ ಏನೂ ತಿಳಿಯುವುದಿಲ್ಲ.

ಅವನ ಶ್ರುತಿ ಕಪ್ಪು ಒಂದು, ಅಂದರೆ ಮೊದಲನೆಯ ಕಪ್ಪು ಮನೆ, ಎಂದು ಮಾಸ್ತರು ಹೇಳಿದರು. ಮೊದಲಿನ ಹಾಡುಗಳಿಗೆ ಅದನ್ನೇ ಕೊಡುತ್ತೇನೆ. ಆಮೇಲೆ ಒಂದು ಮನೆ ಮೇಲೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಕೊನೆಗೆ ಮೂರು ಮನೆ ಮೇಲಿನ ಬಿಳಿ ಮೂರು. ಮಂಗಳದ ಹಾಡಿನ ಕೊನೆಯ ಸಾಲು ಮೇಲೇರುತ್ತದಲ್ಲ, ಅಲ್ಲಿ ಅವನ ಗಂಟಲು ಒಡೆಯಬೇಕು. ಊರೆಲ್ಲ ಎದ್ದು ನಿಂತಿರುವಾಗ. ಮೈಕಿನಲ್ಲಿ.

ಶ್ರುತಿ ನಿಲ್ಲಲ್ಲ ಅಂದೆಯಲ್ಲ? ನಿಲ್ಲಿಸು ನೋಡೋಣ.

೨೧ ಏಪ್ರಿಲ್

ಒಂದೇ ಭಯ— ತಬಲ. ಅದನ್ನು ಶ್ರುತಿಗೆ ಕೂಡಿಸಿರುತ್ತಾರೆ, ನಾನು ಏರಿಸಿದ ತಕ್ಷಣ ಬಯಲಾಗುತ್ತದೆ. ಏನೂ ತಿಳಿಯದವಳ ಹಾಗೆ ಆನಂದಪ್ಪನವರನ್ನು ಕೇಳಿದೆ. ತಬಲದವನು ಮದುವೆಗೆ ಹೋಗಿದ್ದಾನಂತೆ. ನಮ್ಮ ಭಜನೆಯ ಡೋಲಕ್ಕೇ ಗತಿ. ಅದು ಯಾವ ಶ್ರುತಿಗೂ ಜಗ್ಗದ್ದು. ತಂಬೂರಿಯೂ ಇಲ್ಲ. ಬಸ್ಸಿನಲ್ಲಿ ಬುರುಡೆ ಒಡೆಯುತ್ತದೆ ಎಂದು ಸೊರಬದವನು ಬಿಟ್ಟು ಬರುತ್ತಾನಂತೆ.

ದೇವರು ನನ್ನ ಕಡೆ ಇದ್ದಾನೆ.

೨೪ ಏಪ್ರಿಲ್

ಸಮಾಜದಲ್ಲಿ ಪರೀಕ್ಷೆ ಮಾಡಿದೆ. ಭಜನೆಯ ಹಾಡು ಹಾಡಿಗೂ ಒಂದೊಂದು ಮನೆ ಸರಿಸಿದೆ. ಯಾರಿಗೂ ತಿಳಿಯಲಿಲ್ಲ. ಬಸಕ್ಕ ಮಾತ್ರ ಕೊನೆಗೆ ಕೆಮ್ಮಿ, "ಇವತ್ಯಾಕೋ ಗಂಟ್ಲು ಹಿಡಿತೈತೆ ಕಣ್ರೇ, ಮಾವಿನಕಾಯಿ ತಿಂದಿದ್ದು ಜಾಸ್ತಿ ಆತೇನೋ" ಅಂದಳು.

ಮೊದಲ ಕಂತು ಸಂದಾಯ. ಅವಳದೂ ಬಾಕಿ ಇತ್ತಲ್ಲ.

೨೭ ಏಪ್ರಿಲ್, ಮಧ್ಯಾಹ್ನ

ಬಿಸಿಲು ಇಳಿಯುತ್ತಿಲ್ಲ. ಯಾವ ಸೀರೆ ಉಡಲಿ ಎಂದು ಮೂರು ಸಲ ತೆಗೆದು ಮಡಚಿದೆ. ಯಾಕೆ? ಅವನಿಗಾಗಿಯೇನು? ಥೂ. ಹಳೆಯ ಹಸಿರು ಸೀರೆಯೇ ಸಾಕು.

೨೮ ಏಪ್ರಿಲ್, ಬೆಳಿಗ್ಗೆ

ನಿನ್ನೆ ರಾತ್ರಿ ಬರೆಯಲಿಲ್ಲ. ಈಗ ಬರೆಯುತ್ತೇನೆ.

ಬಯಲು ತುಂಬಿತ್ತು. ಏರಿಯ ಮೇಲೂ ಜನ. ಪಾನಕದ ಹಂಡೆ, ಮಂಡಕ್ಕಿ ಮಾರುವವರು, ಎತ್ತು ಬಿಚ್ಚಿದ ಗಾಡಿಗಳಲ್ಲಿ ಹಳ್ಳಿಯವರು. ಅವನು ಬಂದ. ಸ್ವಲ್ಪ ಇಳಿದುಹೋಗಿದ್ದಾನೆ. ನನ್ನ ಕಡೆ ಕೈ ಮುಗಿದು, "ಕಪ್ಪು ಒಂದು ಕೊಡ್ರಿ ಟೀಚರ್" ಅಂದ. ಅಷ್ಟೇ. ಗುರುತೇ ಇಲ್ಲ! ನನ್ನ ಎರಡು ವರ್ಷ ತಿಂದವನಿಗೆ ನನ್ನ ಮುಖದ ನೆನಪೂ ಇಲ್ಲ. ಮನಸ್ಸಿನಲ್ಲಿ ಎಲ್ಲಾದರೂ ಚೂರು ಅಳುಕು ಉಳಿದಿದ್ದರೆ ಅದೂ ಹೋಯಿತು.

ಎರಡು ಹಾಡು ಕಪ್ಪು ಒಂದರಲ್ಲೇ. ಚೆನ್ನಾಗಿ ಹಾಡಿದ. ಹಾಡುತ್ತಾನೆ, ಸುಳ್ಳು ಹೇಳಬಾರದು. ಅವನು ನೀರು ಕುಡಿಯುವಾಗ ಸರಿಸಿದೆ. ಒಮ್ಮೆ ನನ್ನ ಬೆರಳು ನೋಡಿದ. ಬೆರಳು ಅಲ್ಲೇ ಇದೆ. ಹಾಡಿದ. ಗೊಬ್ಬರದ ಭಾಷಣ. ಅಷ್ಟರಲ್ಲಿ ಇನ್ನೊಂದು ಮನೆ. ಹಾಡಿದ. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಜನಕ್ಕೆ ಮಾತ್ರ ಹುಚ್ಚು ಖುಷಿ— ಎಂಥ ಎತ್ತರದ ದನಿ ಅಂತ! ನನಗೆ ಮೈ ಉರಿಯಿತು. ಕೆಡಿಸಲು ಹೋಗಿ ಮೆರೆಸುತ್ತಿದ್ದೇನಲ್ಲ.

ಪೆಟ್ರೋಮ್ಯಾಕ್ಸ್ ಹಚ್ಚಿದರು. ಮಂಗಳ. ಎಲ್ಲರೂ ಎದ್ದರು. ಮೂರನೆಯ ಸಲ ಸರಿಸಿದೆ. ಬಿಳಿ ಮೂರು.

ಎತ್ತಿಕೊಂಡ. ಮೊದಲ ಸಾಲಿಗೇ ಬಯಲಿನ ಗಂಡಸರ ದನಿ ಒಂದೊಂದಾಗಿ ಇಳಿದುಹೋಯಿತು. ಹೆಂಗಸರದು ಉಳಿಯಿತು. ಕೊನೆಯ ಸಾಲು. ಅವನು ಏರಿದ— ಒಡೆಯಿತು. ಕರ್ರ್ ಅಂತ, ಮೈಕಿನಲ್ಲಿ, ಏರಿಯ ಆಚೆಗೂ ಕೇಳುವ ಹಾಗೆ. ಹುಡುಗರು ಸಿಳ್ಳೆ ಹಾಕಿದರು. ಗಾಡಿಯ ಮೇಲಿನ ಒಬ್ಬ ಅವನ ಹಾಗೆಯೇ ಅಣಕಿಸಿದ. ಇನ್ನೂ ನಕ್ಕರು.

ಹೊಟ್ಟೆ ತಣ್ಣಗಾಯಿತು. ಹಾಗೆಂದು ನಾನು ಬರೆದದ್ದು ನಿಜ, ಅಳಿಸುವುದಿಲ್ಲ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಅವನು ಬಾಯಿಗೆ ಟವೆಲ್ ಒತ್ತಿಕೊಂಡು ಮೈಕನ್ನು ಎತ್ತಿ ನನ್ನ ಮುಂದೆ ಇಟ್ಟ. ಕೈಸನ್ನೆ ಮಾಡಿದ— ನೀವು ಹೇಳಿ. ಮಂಗಳ ಅರ್ಧಕ್ಕೆ ನಿಲ್ಲಬಾರದು. ಎಲ್ಲರೂ ನಿಂತಿದ್ದಾರೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಅವ್ವ ಹೆಂಗಸರ ಸಾಲಿನಲ್ಲಿ ಸೆರಗಿನ ತುದಿ ಕಚ್ಚಿಕೊಂಡಳು.

ಬಿಳಿ ಮೂರು ನನ್ನ ಗಂಟಲಿಗೆ ಹೇಳಿ ಮಾಡಿಸಿದ್ದು. ಹಾಡಿದೆ. ಒಂದೇ ಸಾಲು. ನಿಂತಿತು. ಶ್ರುತಿ ನಿಂತಿತು! ಬಯಲಿನ ಹೆಂಗಸರೆಲ್ಲ ಹಿಂದೆಯೇ ಹೇಳಿದರು, ಬಸಕ್ಕನೂ.

೩೦ ಏಪ್ರಿಲ್

ಊರಿನ ಬಾಯಲ್ಲಿ ಈಗ ನನ್ನದೇ ಹೆಸರು. ಬಸಕ್ಕ ಬಂದು, "ನಿನ್ ಶ್ರುತಿ ಚಲೋ ಐತಿ ಅಂತ ನಾನು ಆವಾಗ್ಲೇ ಹೇಳಿದ್ನಲ್ಲ" ಅಂದಳು. ಅವಳ ಕಾಫಿಗೆ ಸಕ್ಕರೆ ಹಾಕಲಿಲ್ಲ.

ಅವನಿಗೆ ಗಂಟಲು ಕಟ್ಟಿ ಮಾತೇ ಹೊರಡುತ್ತಿಲ್ಲವಂತೆ. ಸೊರಬದಲ್ಲಿ ಹುಡುಗರು ಅವನನ್ನು ಕಂಡರೆ ಕರ್ರ್ ಅನ್ನುತ್ತಾರಂತೆ. ಪಾಪ ಅನಿಸಬೇಕಿತ್ತು. ಕಾದು ನೋಡಿದೆ, ಅನಿಸಲಿಲ್ಲ.

೯ ಮೇ

ಇಷ್ಟು ದಿನ ಬರೆಯುವಂಥದ್ದು ಏನೂ ಇರಲಿಲ್ಲ. ಹಪ್ಪಳ, ಉಪ್ಪಿನಕಾಯಿ, ಸುಖವಾದ ನಿದ್ದೆ. ಇವತ್ತು ಎಲ್ಲ ಹಾಳು.

ಹತ್ತು ಗಂಟೆಯ ಹೊತ್ತಿಗೆ ಅವನು ಬಂದ. ಒಬ್ಬನೇ. ಅಪ್ಪ ಮಾರ್ಕೆಟ್ಟಿಗೆ ಹೋಗಿದ್ದರು. ಅವ್ವ ಜಗಲಿಯಲ್ಲಿ ಚಾಪೆ ಹಾಸಿ, ನೀರು ಬೆಲ್ಲ ಕೊಟ್ಟು, ಬಾಗಿಲ ಒಳಗೆ ಕಿವಿ ಇಟ್ಟು ನಿಂತಳು. ಅವನ ದನಿ ಇನ್ನೂ ಗೊಗ್ಗರು.

"ಮೂರು ಮನೆ ಏರಿಸಿದ್ರಿ" ಅಂದ.

ನಾನೂ ಬಿಡಲಿಲ್ಲ. "ಯಾವಾಗ ಗೊತ್ತಾತು?"

"ಮೊದಲನೇ ಸಲಕ್ಕೇ. ಬೆರಳು ಅಲ್ಲೇ ಇತ್ತು, ದನಿ ಇರ್ಲಿಲ್ಲ. ಸ್ಟೇಜ್ ಹತ್ತೋವಾಗ್ಲೇ ನಿಮ್ಮ ಗುರುತೂ ಸಿಕ್ಕಿತ್ತು. ಯಾಕೆ ಏರಿಸ್ತಿದೀರಿ ಅಂತಾನೂ ತಿಳೀತು."

"ಹಂಗಾದ್ರೆ ಯಾಕೆ ನಿಲ್ಲಿಸ್ಲಿಲ್ಲ?"

"ನಿಲ್ಲಿಸಿದ್ರೆ ಕಾರಣ ಹೇಳ್ಬೇಕಿತ್ತಲ್ರೀ. ಪೇಟಿಯವರ ಶ್ರುತಿ ಸರಿ ಇಲ್ಲ ಅಂತ ಅಷ್ಟು ಜನದ ಮುಂದೆ." ನೀರಿನ ಲೋಟ ತಿರುಗಿಸುತ್ತ ಕೂತ. "ಒಂದ್ಸಲ ಅಂದಿದ್ದೇ ಸಾಕಾಗಿತ್ತು. ಅದು ಊರ ಮಾತಾಯ್ತು ಅಂತ ಆಮೇಲೆ ಕೇಳ್ದೆ. ತಪ್ಪಾಯ್ತು ಅಂತ ಬಂದು ಹೇಳೋ ಮುಖ ಇರ್ಲಿಲ್ಲ."

ಒಳಗೆ ಎದ್ದುಹೋದೆ. ಅಳು ಬಂತು, ಸಿಟ್ಟಿಗೆ. ನಾನು ಕಸಿದುಕೊಂಡೆ ಅಂದುಕೊಂಡಿದ್ದನ್ನು ಅವನಾಗಿ ಕೊಟ್ಟದ್ದಂತೆ! ದೊಡ್ಡ ಮನುಷ್ಯ. ನನ್ನ ಸೇಡಿಗೂ ಅವನ ಅಪ್ಪಣೆ ಬೇಕಾಯಿತೇ? ಗೇಟಿನ ಹೊರಗೆ ಎಲ್ಲರಿಗೂ ಕೇಳುವ ಹಾಗೆ ಅಂದವನು, ತಪ್ಪಾಯಿತು ಅನ್ನುವುದನ್ನು ಮಾತ್ರ ನನ್ನೊಬ್ಬಳ ಕಿವಿಗೆ ಹೇಳಿ ಹೋದ.

ಬಾಕಿ ತೀರಿಲ್ಲ. ಇನ್ನೂ ಇದೆ.

೧೨ ಮೇ

ಆನಂದಪ್ಪನವರು ಬಂದರು, ಬಾಯಿ ತುಂಬ ನಗು. ಸೊರಬದಿಂದ ಹೇಳಿಕಳಿಸಿದ್ದಾರೆ. ಹುಡುಗಿಯನ್ನು ಮತ್ತೆ ಕೇಳುತ್ತಿದ್ದಾರೆ. ಬಂಗಾರಮ್ಮನವರಿಗೂ ಒಪ್ಪಿಗೆಯಂತೆ. ಇನ್ನು ನೋಡುವುದು ಗೀಡುವುದು ಏನೂ ಬೇಡ, ಎಲೆ ಅಡಿಕೆ ಹಿಡಿಯುವುದೊಂದೇ.

ಅವ್ವ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಬಾಗಿಲಿಗೆ ಬಂದು ನಿಂತೆ.

"ನೋಡಾದು ಬೇಕು" ಅಂದೆ. "ಈ ಸಲ ನಾವು ನೋಡ್ತೀವಿ. ಅವರು ಬರ್ಲಿ. ನಮ್ಮ ಅಂಗಳದಲ್ಲಿ ಕೂತ್ಕೊಂಡು ಒಂದು ಹಾಡು ಹೇಳ್ಲಿ. ಪೇಟಿ ನಾನು ಹಿಡೀತೀನಿ. ಬೀದಿಯೋರೆಲ್ಲ ಇರ್ಬೇಕು. ಹೆಂಗಿತ್ತು ಅಂತ ನಾನು ಗೇಟಿನ ಹೊರಗೆ ನಿಂತು ಹೇಳ್ತೀನಿ."

"ಹುಚ್ಚು ಹಿಡೀತೇನೇ ನಿಂಗೆ!" ಅವ್ವ. ಆನಂದಪ್ಪನವರ ಬಾಯಿಯ ಎಲೆ ಅಡಿಕೆ ಹಾಗೇ ನಿಂತಿತು. ಹುಡುಗನ ಕೈಲಿ ಹಾಡಿಸುವುದನ್ನು ಯಾರಾದರೂ ಕೇಳಿದ್ದಾರೆಯೇ?

ಅಪ್ಪ ಎಂದೂ ಇಂಥ ಮಾತಿಗೆ ಬಾಯಿ ಹಾಕಿದವರಲ್ಲ. ಪಂಚೆ ಕೊಡವಿ ಎದ್ದರು. "ನಮ್ಮ ಹುಡುಗಿ ಹಾಡಿದ್ದನ್ನ ಅವರು ಕೇಳಿದ್ರು. ಅವರ ಹುಡುಗ ಹಾಡಾದನ್ನ ನಾವು ಯಾಕೆ ಕೇಳಬಾರ್ದು? ನಡೀರಿ ಆನಂದಪ್ಪ, ಸೊರಬದ ಬಸ್ ಐತಿ ಈಗ."

ಎರಡು ವರ್ಷ ಇದೊಂದು ಮಾತಿಗೆ ಕಾದಿದ್ದೆ ಅಂತ ಇವತ್ತು ತಿಳಿಯಿತು.

೧೩ ಮೇ

ಒಪ್ಪಿದ್ದಾನೆ! ಬಂಗಾರಮ್ಮನವರು ಕೂಗಾಡಿದರಂತೆ. ಅವನು, "ಬರ್ತೀನಿ ಅಂತ ಹೇಳಿ" ಅಂದನಂತೆ. ಭಾನುವಾರ ಸಂಜೆ.

೧೮ ಮೇ, ಭಾನುವಾರ, ಸಂಜೆ ಐದು

ಅಂಗಳಕ್ಕೆ ಸಗಣಿ ಸಾರಿಸಿ ಜಮಖಾನ ಹಾಸಿದ್ದಾರೆ. ಸಮಾಜದವರೆಲ್ಲ ಬಂದಿದ್ದಾರೆ. ಗುತ್ಯಪ್ಪ ಮಾಸ್ತರಿಗೆ ಮುಂದಿನ ಸಾಲು, ಬೆರಳು ವಾಸಿಯಾಗಿದೆ. ಬಸಕ್ಕ ನಲ್ಲಿಯ ಹತ್ತಿರ ಖಾಲಿ ಕೊಡ ಹಿಡಿದು ಆಗಲೇ ನಿಂತಿದ್ದಾಳೆ. ನಿಲ್ಲಲಿ. ಅವಳಿಲ್ಲದೆ ಇದು ನಡೆಯುವ ಹಾಗಿಲ್ಲ.

ಅವನ ಗಂಟಲು ಪೂರ್ತಿ ಸರಿಯಾಗಿಲ್ಲವಂತೆ. ಕಪ್ಪು ಒಂದನ್ನೇ ಎಳೆದುಕೊಂಡು ಹಾಡಬೇಕು. ಒಂದೇ ಒಂದು ಮನೆ ಸರಿಸಿದರೂ ಸಾಕು, ಎರಡನೇ ಸಾಲಿಗೇ ದನಿ ಒಡೆಯುತ್ತದೆ. ಸರಿಸಿದ್ದು ಅವನಿಗೆ ತಿಳಿಯುತ್ತದೆ. ತಿಳಿದೂ ಹಾಡುತ್ತಾನೆ. ಹಾಳಾದವನು.

ಗೇಟಿನ ಹೊರಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಹುಡುಗ ಲಕ್ಷಣವಾಗಿದ್ದಾನೆ. ಶ್ರುತಿ...

ಬಸ್ಸು ಬಂದ ಸದ್ದು. ಪೇಟಿ ತರಲು ಅವ್ವ ಕೂಗುತ್ತಿದ್ದಾಳೆ. ಈಗ ಕಪ್ಪು ಒಂದರಲ್ಲೇ ಇದೆ. ಎಡಗೈ ಪೇಟಿಯ ಮೇಲಿದೆ, ಸರಿಸಲು ಒಂದು ಕ್ಷಣ ಸಾಕು. ಹೊರಗೆ ಚಪ್ಪಲಿ ಬಿಡುತ್ತಿದ್ದಾನೆ. ಕೆಮ್ಮಿದ. ನಾನು—