ನೀಲಿ ಮುಚ್ಚಳದ ಬಾಟಲಿ

ಸೆಪ್ಟೆಂಬರ್ ೧೨, ಗುರುವಾರ

ಬೆಳಿಗ್ಗೆಯಿಂದ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿದೆ: "ಎಲ್ಲಾ ಅದೇ ಸರ್." ಔಷಧಿಗೆ ಬಳಸುವುದರಲ್ಲಿ ಏನಾದರೂ ಬದಲಾಗಿದೆಯಾ ಎಂದು ಸರ್ಕಾರದ ಇನ್ಸ್‌ಪೆಕ್ಟರ್ ಕೇಳಿದ್ದಕ್ಕೆ ಲ್ಯಾಬ್‌ನ ಸೀನಿಯರ್ ಅಕ್ಕ ಕಣ್ಣು ಮಿಟುಕಿಸದೆ ಹೇಳಿದಳು.

ಹೊಸ ರೂಲ್ ನಿಂತಿರುವುದೇ ಆ 'ಅದೇ' ಮೇಲೆ. ಔಷಧಿಯನ್ನು ಮೈಯೊಳಗೆ ಹೊತ್ತೊಯ್ಯುವ ಕೊಬ್ಬಿನ ಹನಿ ಒಂದು ಔಷಧಿಯಲ್ಲಿ ಪಾಸಾಗಿದ್ದರೆ, ಅದನ್ನೇ ಬಳಸುವ ಮುಂದಿನ ಔಷಧಿಗೆ ಆ ಸೇಫ್ಟಿ ಟೆಸ್ಟ್‌ಗಳನ್ನು ಮತ್ತೆ ಮಾಡಬೇಕಿಲ್ಲ. ನಮ್ಮ ಲ್ಯಾಬ್ ಮಾಡುತ್ತಿರುವ ಆ ಮುಂದಿನ ಔಷಧಿಗೇ ನನ್ನ ತಮ್ಮ ಕಾಯುತ್ತಿರುವುದು.

ಆದರೆ ಕೊಬ್ಬಿನ ಬಾಟಲಿಗಳನ್ನು ತೊಳೆಯುವವಳು ನಾನು. ಮೊದಲು ಬಿಳಿ ಮುಚ್ಚಳ ಇತ್ತು, ಈಗ ನೀಲಿ. ಕೊಬ್ಬು ಕಳಿಸುವ ಕಂಪನಿಯೇ ಬೇರೆ.

ಊಟದ ಹೊತ್ತಿಗೆ, ಇದು ಬೇರೆ ಕಂಪನಿಯದಲ್ಲವಾ ಎಂದು ಅಕ್ಕನನ್ನು ಮೆಲ್ಲಗೆ ಕೇಳಿದೆ. "ನಿಮ್ಮ ಹಾಸ್ಟೆಲ್ ಹಾಲು ದಿನಾ ಒಂದೇ ಹಸುದಾ?" ಎಂದಳು. "ಬಂದು ಎರಡು ತಿಂಗಳಾಗಿಲ್ಲ, ಆಗಲೇ ಡಿಟೆಕ್ಟಿವ್ ಕೆಲಸ." ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದಳು. ಸಂಜೆ ಬಾಟಲಿ ತೊಳೆಯುವ ಕೆಲಸ ಬೇರೆಯವರಿಗೆ ಹೋಯಿತು. ಯಾಕೆ?

ಆಮೇಲೆ ಅಮ್ಮನ ಫೋನ್. "ಟೆಸ್ಟ್ ಕಡಿಮೆ ಮಾಡಿದ್ದಾರಂತಲ್ಲೇ, ಬೇಗ ಸಿಗುತ್ತಾ? ಇವನ ಕೈಲಿ ಈಗ ಲೋಟನೂ ನಿಲ್ತಿಲ್ಲ ಕಣೇ."

"ಸಿಗುತ್ತಮ್ಮ" ಅಂದುಬಿಟ್ಟೆ.

ಕೊಬ್ಬು ನಿಜಕ್ಕೂ ಒಂದೇ ಇರಬಹುದು. ಫಸ್ಟ್ ಇಯರ್‌ನವಳು, ನನಗೇನು ಗೊತ್ತು. ಆದರೆ ಒಂದೇ ಆಗಿದ್ದರೆ ಕಂಪನಿ ಬದಲಾಗಿದೆ ಎಂದು ಇನ್ಸ್‌ಪೆಕ್ಟರ್‌ಗೆ ಹೇಳುವುದಕ್ಕೇನು ಕಷ್ಟ?

ನಾಳೆ ಅವರು ಮತ್ತೆ ಬರುತ್ತಾರೆ. ನಾನು ಬಾಯಿಬಿಟ್ಟರೆ ಟೆಸ್ಟ್ ಎಲ್ಲಾ ಮೊದಲಿಂದ, ತಮ್ಮ ಕಾಯಬೇಕು. ಬಿಡದಿದ್ದರೆ ಯಾರೂ ಪರೀಕ್ಷಿಸದ್ದು ಹೋಗುವುದು ಅವನ ಮೈಗೇ. ಹೇಳುತ್ತೇನೆ. ಅಮ್ಮನಿಗೆ ಮೊದಲೇ ಫೋನ್ ಮಾಡಬೇಕಾ, ಆಮೇಲಾ, ಅವಳು ಅತ್ತರೆ ನಾನು ಬಾಯಿಬಿಡಲಾರೆನೇನೋ…