ಒಂದು ಕಣ್ಣಿನ ಗಾಜು

ಮಾರ್ಚ್ ೧೧, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಅಣ್ಣ, ತಂಗಿ, ನಾನು ಮೂವರೂ ಸಂಜೆ ಕನ್ನಡಕದ ಅಂಗಡಿಗೆ ಹೋಗಿದ್ದೆವು. ಅಣ್ಣನಿಗೆ ಬಿಸಿಲಿಗೆ ಹಾಕಿಕೊಳ್ಳುವ ಕಪ್ಪು ಕನ್ನಡಕ ಬೇಕಿತ್ತು. ತಂಗಿ ಹೊಲಿಗೆಯಿಂದ ಬದುಕುವವಳು. ಅವಳಿಗೆ ಈಗ ಸೂಜಿಯ ಕಣ್ಣೇ ಕಾಣುತ್ತಿಲ್ಲ. ಅಂಗಡಿಯವನು ಹೊಸ ತೆರಿಗೆ ಸೇರಿಸಿ ಬೆಲೆ ಹೇಳಿದಾಗ ಅವಳು, "ಒಂದೇ ಕಣ್ಣಿಗೆ ಗಾಜು ಹಾಕ್ಕೊಡಿ. ದಾರ ಪೋಣಿಸೋಕೆ ಒಂದು ಸಾಕು," ಎಂದಳು.

"ತೆರಿಗೆ ನನಗೂ ಅಷ್ಟೇ, ನಿನಗೂ ಅಷ್ಟೇ ಕಣೇ. ಇದರಲ್ಲಿ ಮೋಸ ಎಲ್ಲಿ ಬಂತು?" ಎಂದ ಅಣ್ಣ.

ಅಷ್ಟೇ ಅಂತೆ! ಅವನ ಸಂಬಳದ ಅರ್ಧ ಬ್ಯಾಂಕಿನಲ್ಲಿ ನಿದ್ದೆ ಹೊಡೆಯುತ್ತದೆ. ಈ ತೆರಿಗೆ ಅದರ ಕೂದಲನ್ನೂ ಕೊಂಕಿಸುವುದಿಲ್ಲ. ಇವಳ ಗಳಿಕೆಯೆಲ್ಲ ಸೋಪು, ಎಣ್ಣೆ, ದಾರ ಎಂದು ಅಂಗಡಿಗಳಿಗೇ ಹೋಗುತ್ತದೆ, ಪ್ರತಿ ಕಾಸಿಗೂ ತೆರಿಗೆ ತೆತ್ತು.

ಇನ್ನೊಂದು ಗಾಜಿನ ದುಡ್ಡು ನಾನು ಕೊಡುತ್ತೇನೆ ಎಂದೆ.

"ಸುಮ್ನಿರು ಚಿಕ್ಕಣ್ಣ. ನಾಳೆ ಸೋಪಿನ ತೆರಿಗೇನೂ ನೀನೇ ಕಟ್ತೀಯಾ?" ಎಂದು ನಕ್ಕಳು.

ಎಡಗಣ್ಣಿಗೋ ಬಲಗಣ್ಣಿಗೋ ಎಂದು ಅಂಗಡಿಯವನು ಕೇಳಿದ. ಅಣ್ಣ ಕಪ್ಪು ಕನ್ನಡಕದಲ್ಲಿ ಕನ್ನಡಿ ನೋಡಿಕೊಳ್ಳುತ್ತಿದ್ದ. ಅವಳು ಒಂದೊಂದೇ ಕಣ್ಣು ಮುಚ್ಚಿ ತೆರೆದು, ಯಾವುದನ್ನು ಬಿಟ್ಟುಕೊಡುವುದೆಂದು ಯೋಚಿಸಿದಳು.