ಹರಳಿನ ಮೇಲಿನ ವಿಭೂತಿ

ರಾಮದುರ್ಗ
12 ಆಗಸ್ಟ್ 2008

ಬಸಣ್ಣನಿಗೆ ತಂಗಿ ಉಮಾಶ್ರೀ ಮಾಡುವ ಶರಣು.

ಫೋನು ಮಾಡಿದರೆ ನನ್ನ ದನಿ ಕೇಳಿದೊಡನೆ ಇಟ್ಟುಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಅವ್ವನನ್ನು ಬೆಳಗಾವಿಯ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಡಾಕ್ಟರು ಇನ್ನು ಹದಿನೈದು ದಿನ ಅಂದಿದ್ದಾರೆ. ಅವ್ವನಿಗೆ ನಾವು ಹೇಳಿಲ್ಲ, ಗೊತ್ತಾಗಿದೆ. ನಿನ್ನೆ ನೆರೆಮನೆಯ ಗುರುಬಸವ್ವ ಗಂಜಿ ಕುಡಿಸುತ್ತ, "ಮಗಾ ಬರತಾನ, ತಡಿ" ಅಂದಳು. ಅವ್ವ, "ಯಾವ ಮುಖಾ ಇಟಗೊಂಡು ಕರೀಲಿ? ಅವನ ಹರಳು ಕೆಡಿಸಿದ ಕೈ ಇದು" ಎಂದು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಎರಡು ವರ್ಷದ ಹಿಂದಿನ ಖಂಡೇನವಮಿ ನನಗೆ ದಿನವೂ ನೆನಪಾಗುತ್ತದೆ. ನೀನು ನಾಲ್ಕು ವರ್ಷ ಕೂತು ಮಾಡಿದ ಹರಳಿನ ಪದರಗಳಲ್ಲಿ ಹನ್ನೊಂದು ಬಿಸಿಯಲ್ಲಿ ಸೀಳಿಹೋದ ಮೇಲೆ ಉಳಿದ ಹನ್ನೆರಡನೆಯದನ್ನು ಪುಣೆಯಿಂದ ಬೆಂಗಳೂರಿನ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದವನು ಹಬ್ಬಕ್ಕೆಂದು ಮನೆಗೆ ಇಳಿದಿದ್ದೆ. ಗಾಜಿನಂಥ ಚೂರು, ಅದರ ಮೇಲೆ ಕೂದಲಿಗಿಂತ ನೂರು ಪಟ್ಟು ತೆಳುವಾದ ಲಿಥಿಯಂ ನಯೋಬೇಟ್ ಹರಳು. ವಿದ್ಯುತ್ತು ತಾಕಿಸಿದರೆ ಅದರೊಳಗೆ ಹಾಯುವ ಬೆಳಕು ನಡಿಗೆ ಬದಲಿಸುತ್ತದೆ, ಮುಂದೆ ಊರೂರಿನ ಮಾತೆಲ್ಲ ಇಂಥ ಉಗುರಗಲದ ಚಿಪ್ ಮೇಲೆ ಬೆಳಕಾಗಿ ಹರಿಯುತ್ತದೆ ಎಂದಿದ್ದೆ. ಉಸಿರೂ ತಾಗಬಾರದು ಎಂದಿದ್ದೆ. ಕನ್ನಡ ಬಿ.ಎ. ಓದಿದ ನನಗೆ ಅಷ್ಟು ತಾಳ್ಮೆಯಿಂದ ಯಾರೂ ಏನೂ ಹೇಳಿರಲಿಲ್ಲ.

ನೀನು ಅತ್ತೆಯನ್ನು ಕರೆತರಲು ಕಟಕೋಳಕ್ಕೆ ಹೋದೆ. ಅವ್ವ ಕುಡಗೋಲು, ಹೊಲಿಗೆ ಮಷೀನು, ನನ್ನ ಪೆನ್ನು ಎಲ್ಲವನ್ನೂ ಪೂಜೆಗೆ ಇಟ್ಟಳು. ಮಗನ ಕಸುಬಿನದೂ ಇರಲಿ ಎಂದು ನೀನಿಟ್ಟುಹೋದ ಡಬ್ಬಿ ತೆರೆದು, ಹರಳಿಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು.

ನೀನು ಬಂದು ಕೂಗಾಡಲಿಲ್ಲ. "ಅವ್ವಾ, ನನ್ನ ನಾಕು ವರ್ಷ ಒರಿಸಿಬಿಟ್ಟಿ" ಅಂದೆ, ಚಪ್ಪಲಿ ಮೆಟ್ಟಿ ಹೊರಟವನು ಮತ್ತೆ ಬರಲಿಲ್ಲ. ನೀನು ಸಂಶೋಧನೆಯನ್ನೇ ಬಿಟ್ಟೆಯೆಂದು ಆಮೇಲೆ ನಿನ್ನ ಗೆಳೆಯ ಮಧು ಹೇಳಿದ.

ಅಂದಿನಿಂದ ಅವ್ವ ವಿಭೂತಿ ಮುಟ್ಟಿಲ್ಲ. ಅವಳ ಹಣೆಗೆ ನಾನೇ ಹಚ್ಚುತ್ತೇನೆ. ಹಚ್ಚುವಾಗ ಕಣ್ಣು ಮುಚ್ಚುತ್ತಾಳೆ. ನನಗೂ ಅದೇ ಬೇಕು.

ಬಾ ಎನ್ನಲು ನನಗೆ ಬಾಯಿಲ್ಲ. ಆದರೂ ಬಾ.

ನಿನ್ನ ತಂಗಿ,
ಉಮಾಶ್ರೀ

ತಾ.ಕ.: ಡಬ್ಬಿ ತೆರೆದವಳು ಅವ್ವನಲ್ಲ. ಹರಳನ್ನು ಬಿಸಿಲಿಗೆ ಹಿಡಿದು ನೋಡಬೇಕೆಂದು ನಾನು ತೆರೆದೆ. ಹೆಬ್ಬೆರಳು ತಾಕಿತು. ಓಢಣಿಯಿಂದ ಒರೆಸಹೋದೆ, ಪದರವೇ ಎದ್ದುಬಂತು. ಅಷ್ಟರಲ್ಲಿ ಅವ್ವ ಬಂದು, "ಇದನ್ನ ಮುಟ್ಟಬಹುದೇನ?" ಎಂದು ಕೇಳಿದಳು. ನಾನು "ಹಚ್ಚವ್ವಾ" ಎಂದು ವಿಭೂತಿ ತಟ್ಟೆ ಮುಂದೆ ಹಿಡಿದೆ. ಇದನ್ನು ಹೇಳಲೆಂದು ಮೂರು ಸಲ ಅವಳ ಹಾಸಿಗೆಯ ಬಳಿ ಕೂತು ಎದ್ದುಬಂದಿದ್ದೇನೆ. ನೀನೇ ಬಂದು ಹೇಳು.